ಎರಡು ಬ್ಯಾಚಿನ ನಡುವಿನ ಒಂದು ಗಂಟೆ

ರೇಣುಕಾದೇವಿ ನಿವೃತ್ತಿಯಾಗಿ ಎಂಟು ತಿಂಗಳಾಯಿತು. ಈಗಲೂ ಬೆಳಿಗ್ಗೆ ಹೊಸಪೇಟೆಯ ಬಸ್‌ಸ್ಟ್ಯಾಂಡ್ ಕಡೆಯಿಂದ ಹುಡುಗ ಹುಡುಗಿಯರು ಬ್ಯಾಗು ಹೊತ್ತು ಮನೆಮುಂದೆ ಹಾದು ಹೋಗುವಾಗ ಅವರ ಕಾಲು ತಾನಾಗಿ ಗೇಟಿನ ತನಕ ನಡೆಯುತ್ತದೆ. ಹೆಚ್ಚಿನವರ ಮುಖ ಗುರುತಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತರೆ ಮನಸ್ಸು ಹದಿಮೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಆಗ ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿ ಕ್ಷೇಮಾಧಿಕಾರಿಯ ಕೆಲಸ ಯಾರಿಗೂ ಬೇಡವಾಗಿತ್ತು. ಮೀಟಿಂಗಿಗೆ ತಡವಾಗಿ ಬಂದ ಇವರ ಹೆಗಲಿಗೆ ಅದು ಬಿತ್ತು. ಪ್ರಿನ್ಸಿಪಾಲ್ ಜಂಬುನಾಥ್ ಗಟ್ಟಿ ದನಿಯ ಮನುಷ್ಯ. ಜಗಳವೆಂದು ಯಾರಾದರೂ ಬಂದರೆ ಐದೇ ನಿಮಿಷದಲ್ಲಿ ತೀರ್ಪು ಕೊಡುತ್ತಿದ್ದರು. ಮೊದಲ ವರ್ಷ ರೇಣುಕಾದೇವಿಯೂ ಅವರನ್ನೇ ನೋಡಿ ಕಲಿತರು. ಕ್ರೀಡಾಕೂಟದಲ್ಲಿ ಕೈ ಮಾಡಿದನೆಂದು ದರೋಜಿಯ ಹುಡುಗ ರಾಯಣ್ಣನನ್ನು ಹದಿನೈದು ದಿನ ಹೊರಗಿಟ್ಟರು. ಹದಿನಾರನೇ ದಿನ ಅವನು ಬರಲಿಲ್ಲ. ವಿಚಾರಿಸಿದರೆ, ಲಾರಿಯಲ್ಲಿ ಕ್ಲೀನರ್ ಆಗಿದ್ದಾನೆ ಅಂದರು. ಮೊದಲು ಹೊಡೆದವರು ಯಾರೆಂದು ತಾನು ಕೇಳಿಯೇ ಇರಲಿಲ್ಲ ಎಂಬುದು ಅವರಿಗೆ ಆಮೇಲೆ ಹೊಳೆಯಿತು.

ಮರುವರ್ಷ ಲ್ಯಾಬಿನ ವೇಳೆಗಾಗಿ ಜಗಳ ಹತ್ತಿತು. ವಡ್ಡು, ಕುರೆಕುಪ್ಪದ ಕಡೆಯ ಕೆಲವು ಹುಡುಗರು ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ರಾತ್ರಿ ಪಾಳಿ ಮಾಡಿ ಓದುತ್ತಿದ್ದರು. ಬೆಳಗಿನ ಪ್ರಾಕ್ಟಿಕಲ್‌ಗೆ ಬರಲಾಗುತ್ತಿಲ್ಲ ಎಂದು ಅವರು ಬೇಡಿಕೊಂಡಾಗ ಜಂಬುನಾಥ್ ಅದನ್ನು ಮಧ್ಯಾಹ್ನಕ್ಕೆ ಹಾಕಿದರು. ಕಂಪ್ಲಿ ಕಡೆಯ ಹುಡುಗಿಯರಿಗೆ ನಾಲ್ಕರ ಬಸ್ಸು ತಪ್ಪತೊಡಗಿತು. ಅವರು ಅರ್ಜಿ ಕೊಟ್ಟರು. ಪ್ರಾಕ್ಟಿಕಲ್ ಮತ್ತೆ ಬೆಳಿಗ್ಗೆಗೆ ಬಂತು. ಆಗ ವಡ್ಡುವಿನ ತಾಯಪ್ಪ ಲ್ಯಾಬಿಗೆ ಬೀಗ ಜಡಿದ. ಕಂಪ್ಲಿ ಕಡೆಯ ತುಳಸಿ ಕಲ್ಲು ತಗೊಂಡು ಆ ಬೀಗ ಒಡೆದಳು. ವರಾಂಡದಲ್ಲಿ ನೂಕಾಟವಾಗಿ ಕಿಟಕಿಯ ಗಾಜು ಚೂರಾಯಿತು.

ಇಬ್ಬರನ್ನೂ ಸಸ್ಪೆಂಡ್ ಮಾಡಲು ಜಂಬುನಾಥ್ ಪತ್ರ ಟೈಪ್ ಮಾಡಿಸಿದ್ದರು. ರೇಣುಕಾದೇವಿ ಮೂರು ದಿನದ ಕಾಲಾವಕಾಶ ಕೇಳಿದರು.

"ಇದಕ್ಕ ಮೂರು ದಿನ ಬೇಕೇನ್ರಿ?" ಎಂದು ಗೊಣಗಿದರೂ ಜಂಬುನಾಥ್ ಪತ್ರವನ್ನು ಡ್ರಾಯರಿನಲ್ಲಿಟ್ಟರು.

ಅಂದು ಸಂಜೆ ರೇಣುಕಾದೇವಿ ತುಳಸಿಯ ಜೊತೆ ಕಂಪ್ಲಿ ಬಸ್ಸು ಹತ್ತಿದರು. ಕೂರಲು ಜಾಗ ಸಿಗಲಿಲ್ಲ. ಇಳಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಕತ್ತಲಲ್ಲಿ ಇನ್ನೊಂದು ಮೈಲಿ ನಡಿಗೆ. ತಿರುವಿನಲ್ಲಿ ಹುಡುಗಿಯ ತಾಯಿ ಹುಲುಗಮ್ಮ ಕಾಯುತ್ತ ನಿಂತಿದ್ದರು. ಲ್ಯಾಬ್ ಮತ್ತೆ ಮಧ್ಯಾಹ್ನಕ್ಕೆ ಹೋಗುತ್ತದಂತೆ ಎಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಹಂಗೇನಾರ ಆದ್ರ ಕಾಲೇಜು ಬಿಡಿಸ್ತೀನ್ರಿ ಮೇಡಂ," ಅಂದರು. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮರುದಿನ ಬೆಳಗಾಗುತ್ತಲೇ ರೇಣುಕಾದೇವಿ ವಡ್ಡುವಿಗೆ ಹೋದರು. ತಾಯಪ್ಪ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ಕಿವಿಯ ಸಂದಿಯಲ್ಲೂ ಕೆಂಪು ಧೂಳು. ಚಹಾ ಕೊಡಲು ಹೇಳಿ ಕಟ್ಟೆಗೆ ಒರಗಿದವನು, ಚಹಾ ಬರುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಎಬ್ಬಿಸಬೇಡಿರೆಂದು ಮನೆಯವರಿಗೆ ಸನ್ನೆ ಮಾಡಿ ಇವರು ಎದ್ದು ಬಂದರು.

ಮೂರನೇ ದಿನ ಇಬ್ಬರನ್ನೂ ತಮ್ಮ ಕೋಣೆಗೆ ಕರೆದು ಕೂರಿಸಿದರು. ಬುದ್ಧಿ ಹೇಳಲಿಲ್ಲ. ತಾಯಪ್ಪನಿಗೆ ಕಬ್ಬಿನ ಗದ್ದೆಯ ದಾರಿಯನ್ನೂ ತುಳಸಿಗೆ ಆ ಕಟ್ಟೆಯನ್ನೂ ಕಂಡ ಹಾಗೇ ವಿವರಿಸಿ ಸುಮ್ಮನಾದರು. ಏನಾದರೂ ಹೇಳಿಬಿಡಲೇ ಎಂದು ಅವರ ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡರು.

ಕಡೆಗೆ ತುಳಸಿಯೇ ಬಾಯಿ ಬಿಟ್ಟಳು. "ಹಂಗಾದ್ರ ನೀ ಮಲಗೋದು ಯಾವಾಗ?"

"ಭಾನುವಾರ," ಅಂದ ತಾಯಪ್ಪ. ಇಬ್ಬರಿಗೂ ನಗು ಬಂತು.

ಆಮೇಲಿನದನ್ನು ಅವರಿಬ್ಬರೇ ಕೂತು ಹೊಂದಿಸಿದರು. ಬೆಳಿಗ್ಗೆ ಕಂಪ್ಲಿ ಕಡೆಯವರ ಬ್ಯಾಚು, ಮಧ್ಯಾಹ್ನ ರಾತ್ರಿ ಪಾಳಿಯವರದು. ಅಟೆಂಡರ್ ಒಬ್ಬನೇ ಇದ್ದುದರಿಂದ ಸೂಕ್ಷ್ಮದರ್ಶಕಗಳನ್ನು ಒರೆಸಿ ಮುಂದಿನ ಬ್ಯಾಚಿಗೆ ಸಜ್ಜು ಮಾಡುವುದು ಹಿಂದಿನವರ ಪಾಲಿಗೆ ಬಂತು. ಎರಡನೇ ಬ್ಯಾಚಿಗೆ ಪಾಠ ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಇಬ್ಬರೂ ರೇಣುಕಾದೇವಿಯವರ ಮುಖ ನೋಡಿದರು. ಒಪ್ಪದೆ ದಾರಿಯಿರಲಿಲ್ಲ. ಒಡೆದ ಗಾಜನ್ನು ಎರಡೂ ಕಡೆಯವರು ಸೇರಿ ಹಾಕಿಸಿದರು.

ಆ ವ್ಯವಸ್ಥೆ ನಾಲ್ಕು ವರ್ಷ ನಡೆಯಿತು. ಜಂಬುನಾಥ್ ತಮ್ಮ ಬೀಳ್ಕೊಡುಗೆಯ ದಿನ ಇವರನ್ನು ಪಕ್ಕಕ್ಕೆ ಕರೆದು, "ನಾನು ಜಗಳ ಜಲ್ದಿ ಮುಗಿಸ್ತಿದ್ದೆ, ನೀವು ಎಳದಾಡ್ತಿದ್ರಿ. ಆದ್ರ ನಾ ಮುಗಿಸಿದ್ದು ಮತ್ತ ಮತ್ತ ನನ್ನ ಬಾಗಿಲಿಗೇ ಬರ್ತಿತ್ತು," ಅಂದಿದ್ದರು. ಆ ಮನುಷ್ಯನ ಬಾಯಲ್ಲಿ ಅದು ದೊಡ್ಡ ಮಾತು.

ರೇಣುಕಾದೇವಿಗೆ ಈಗ ಹೆಚ್ಚು ನೆನಪಾಗುವುದು ಬೇರೆಯೇ. ಎರಡು ಬ್ಯಾಚಿನ ನಡುವೆ ಒಂದು ಗಂಟೆ ಬಿಡುವಿತ್ತು. ಹೋಗುವವರು, ಬಂದವರು ವರಾಂಡದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ವಡ್ಡುವಿನ ಜೋಳದ ರೊಟ್ಟಿ ಕಂಪ್ಲಿಯವರ ಡಬ್ಬಿಗೆ, ಕಂಪ್ಲಿಯ ಚಿತ್ರಾನ್ನ ವಡ್ಡುವಿನವರ ತಟ್ಟೆಗೆ ಹೋಗುತ್ತಿತ್ತು. "ಮೇಡಂ, ಬರ್ರಿ, ಕುಂದ್ರಿ," ಎಂದು ಸರಿದು ಜಾಗ ಮಾಡುತ್ತಿದ್ದರು. ಅವರೂ ಸೀರೆಯ ನೆರಿಗೆ ಒತ್ತಿಕೊಂಡು ನೆಲದ ಮೇಲೆ ಕೂರುತ್ತಿದ್ದರು, ಗಂಟೆ ಹೊಡೆಯುವ ತನಕ.