ಆಲ್ವಿನ್ ನೋಸ್ಕೆ ಹೊಡೆಯದೆ ಬಿಟ್ಟ ಗಂಟೆ

ಆಲ್ವಿನ್ ನೋಸ್ಕೆ ನೆಟ್ಟಗೆ ಒಂದು ಕಡೆ ಕೂತದ್ದನ್ನು ನಮ್ಮ ಕುರ್ರಾಬಿನ್ ಊರಲ್ಲಿ ನೋಡಿದವರಿಲ್ಲ. ಚರ್ಚಿನಲ್ಲಿ ಕೂರುತ್ತಿದ್ದನಲ್ಲ ಅಂದರೆ, ಅದೇನು ಕೂರುವುದೇ? ಬೆಂಚಿನ ತುದಿಗೆ ಅರ್ಧ ಕುಂಡೆ ತಾಗಿಸಿ, ಪಾದ್ರಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಬಾಗಿಲ ಕಡೆ ನೋಡುವುದು.

"ಇವನ ಅಂಗಾಲಲ್ಲಿ ಇರುವೆಗೂಡು ಐತೆ," ಅನ್ನುತ್ತಿದ್ದಳು ಹೆಂಡತಿ ಹುಲ್ಡಾ. "ಮದುವೆ ದಿನ ಆಶೀರ್ವಾದ ಮುಗಿಯೋಕೆ ಮುಂಚೆನೇ ನನ್ನ ಕೈ ಬಿಟ್ಟ. ಪಕ್ಕದ ಹೊಲದಲ್ಲಿ ಯಾರದೋ ಕುರಿ ಈಯೋಕೆ ಒದ್ದಾಡ್ತಿತ್ತಂತೆ. ಉಂಗುರ ಹಾಕಿದ ಕೈಯಲ್ಲೇ ಮರಿ ಎಳೆದ."

ಕರೆಯದೆ ಬಂದವನನ್ನು ಕೆರದಲ್ಲಿ ಹೊಡಿ ಅನ್ನುವ ಗಾದೆ ಅವನ ಮಟ್ಟಿಗೆ ಸುಳ್ಳಾಗಿತ್ತು. ಯಾರ ಹೊಲಕ್ಕೆ ಬೆಂಕಿ ಬಿದ್ದರೂ ನೀರಿನ ಲಾರಿ ಅವನದೇ ಮೊದಲು. ಯಾರ ಗಾಳಿಯಂತ್ರ ತಿರುಗದಿದ್ದರೂ ಮೇಲೆ ಹತ್ತಿ ಗ್ರೀಸು ಬಳಿಯುವವನು ಅವನೇ. ಕೆಲಸ ಮುಗಿಸಿ ಚಹಾ ಕುಡಿಯಲಿಕ್ಕೂ ನಿಲ್ಲುತ್ತಿರಲಿಲ್ಲ. ಲೋಟವನ್ನು ಬೇಲಿಕಂಬದ ಮೇಲಿಟ್ಟು ಹೋಗಿಬಿಡುತ್ತಿದ್ದ. ನಮ್ಮ ಕಡೆ ಬೇಲಿಕಂಬದ ಮೇಲೆ ಲೋಟ ಕಂಡರೆ ಆಲ್ವಿನ್ ಬಂದುಹೋಗಿದ್ದಾನೆ ಎಂದು ಲೆಕ್ಕ.

ಅಂಥವನನ್ನೂ ವಾರಕ್ಕೊಮ್ಮೆ ಕಟ್ಟಿಹಾಕುವ ಹಗ್ಗ ಒಂದಿತ್ತು. ಅದು ಚರ್ಚಿನ ಗಂಟೆಯ ಹಗ್ಗ. ಮೆಲ್ಬರ್ನಿನಾಚೆಯ ನಮ್ಮ ವಿಮ್ಮೆರಾ ಗೋಧಿ ಬಯಲಿಗೆ ಅಜ್ಜಂದಿರು ಜರ್ಮನಿಯಿಂದ ಬರುವಾಗ ತಂದ ಪದ್ಧತಿ ಅದು: ಶನಿವಾರ ಸೂರ್ಯ ಮುಳುಗುವಾಗ ಗಂಟೆ ಹೊಡೆದರೆ ಅಲ್ಲಿಂದಲೇ ಭಾನುವಾರ. ಕಟಾವು ಯಂತ್ರ ಸಾಲಿನ ನಡುವಿದ್ದರೂ ಅಲ್ಲೇ ನಿಲ್ಲಬೇಕು. ಕ್ಯಾಥೊಲಿಕ್ ಮತದ ಮೆರ್ವ್‌ ಕೂಡ, "ನನಗೇನು ಸಂಬಂಧ?" ಎನ್ನುತ್ತಲೇ ಎಂಜಿನ್ ಆರಿಸುತ್ತಿದ್ದ. ಯಾರಾದರೂ ತೀರಿಕೊಂಡರೂ ಅದೇ ಗಂಟೆ. ಆದರೆ ಆಗ ನಿಧಾನವಾಗಿ, ಸತ್ತವರ ವಯಸ್ಸಿನಷ್ಟು ಪೆಟ್ಟು.

ಹಗ್ಗ ತಲೆತಲಾಂತರದಿಂದ ನೋಸ್ಕೆ ಮನೆಯವರ ಕೈಯಲ್ಲಿತ್ತು. ಆಲ್ವಿನ್ ಇನ್ನೂ ಮೀಸೆ ಮೂಡದ ಹುಡುಗನಾಗಿದ್ದಾಗ ಒಂದು ಶನಿವಾರ ಆಲಿಕಲ್ಲಿನ ಮೋಡ ತಲೆಯ ಮೇಲೆ ನಿಂತಿತ್ತು. ಅಪ್ಪ ಅರ್ಧ ಬೆಳೆ ನಿಂತಿದ್ದಂತೆಯೇ ಬಿಟ್ಟು ಬಂದು ಗಂಟೆ ಹೊಡೆದ. ಭಾನುವಾರ ಬೆಳಿಗ್ಗೆ ಹೊಲದಲ್ಲಿ ತೆನೆ ಇರಲಿಲ್ಲ, ಬರೀ ಕೆಸರು. ಅಪ್ಪ ಅದನ್ನು ನೋಡಿ ಟೋಪಿ ತೆಗೆದು, "ಗಂಟೆ ಹೊಡೆದ ಮೇಲೆ ನಿಂತಿರೋದು ಯಾವುದೂ ನಮ್ಮದಲ್ಲ ಕಣೋ," ಅಂದನಂತೆ. ಆ ಚಳಿಗಾಲವೆಲ್ಲ ಅವರ ಮನೆಯಲ್ಲಿ ಮೊಲದ ಮಾಂಸ, ಆಲೂಗಡ್ಡೆ, ಮತ್ತೆ ಮೊಲದ ಮಾಂಸ. ಅಪ್ಪನ ನಂತರ ಹಗ್ಗ ಹಿಡಿದ ಆಲ್ವಿನ್ ಜ್ವರ ಬಂದರೂ, ಮಗಳು ರೂತ್ ಹುಟ್ಟಿದ ದಿನವೂ, ಗಂಟೆ ತಪ್ಪಿಸಲಿಲ್ಲ.

ತಪ್ಪಿಸಿದ್ದು ಒಂದೇ ಸಲ. ಆವತ್ತು ನಾನೂ ಅದೇ ಹೊಲದಲ್ಲಿದ್ದೆ.

ಆ ವರ್ಷ ಜಿಮ್ ಪಾಸ್ಕೊ ಗಾಳಿಯಂತ್ರದ ಮೇಲಿಂದ ಬಿದ್ದು ತೀರಿಕೊಂಡಿದ್ದ. ಹೆಂಡತಿ ಡಲ್ಸಿ, ಎರಡು ಚಿಕ್ಕ ಮಕ್ಕಳು. ಅವರು ಮೆಥಡಿಸ್ಟ್ ಪಂಗಡದವರು, ನಮ್ಮ ಗಂಟೆಗೂ ಅವರಿಗೂ ನಂಟಿಲ್ಲ. ನೆಲ ಗುತ್ತಿಗೆಯದು. ಜಿಮ್ ಬಿತ್ತಿಹೋದ ಗೋಧಿ ಸೈಲೊ ಕಣಜ ಸೇರಿದರೆ ಮುಂದಿನ ವರ್ಷವೂ ಆಕೆ ಅಲ್ಲಿರಬಹುದು, ಇಲ್ಲದಿದ್ದರೆ ಮಕ್ಕಳನ್ನು ಕರೆದುಕೊಂಡು ಮೆಲ್ಬರ್ನಿನ ತಂಗಿಯ ಮನೆ ಸೇರಬೇಕು. ಇದು ಊರಿಗೆಲ್ಲ ಗೊತ್ತಿತ್ತು. ಡಿಸೆಂಬರಿನ ಒಂದು ಶನಿವಾರ ಆಲ್ವಿನ್ ತನ್ನ ಬೆಳೆಯನ್ನು ಅರ್ಧಕ್ಕೆ ಬಿಟ್ಟು, ಮೆರ್ವ್‌ನನ್ನೂ ನನ್ನನ್ನೂ ಎಳೆದುಕೊಂಡು, ಮೂರು ಯಂತ್ರ ಆಕೆಯ ಹೊಲಕ್ಕೆ ಇಳಿಸಿದ.

"ಸಂಜೆ ಒಳಗೆ ಬೋಳಿಸಿಬಿಡೋಣ," ಅಂದ.

ಮನುಷ್ಯ ಒಂದು ಬಗೆದರೆ ಯಂತ್ರ ಇನ್ನೊಂದು ಬಗೆಯಿತು. ಬೆಳಿಗ್ಗೆ ಮೆರ್ವ್‌ನ ಯಂತ್ರದ ಪಟ್ಟಿ ಹರಿಯಿತು, ಮಧ್ಯಾಹ್ನ ನನ್ನದು ಕಾದು ಹೊಗೆಯಾಡಿತು. ಎರಡನ್ನೂ ಸರಿಪಡಿಸಿ ಮತ್ತೆ ಇಳಿಸಿದರೂ, ಹೊತ್ತು ಇಳಿಯುವಾಗ ಮೂರರಲ್ಲಿ ಒಂದು ಪಾಲು ಇನ್ನೂ ನಿಂತಿತ್ತು. ಪಡುವಣದಲ್ಲಿ ಮುಗಿಲು ಪೆಟ್ಟು ತಿಂದ ತೊಡೆಯ ಹಾಗೆ ಕಪ್ಪುನೀಲಿ ಕಟ್ಟಿತು, ಅಂಚಿಗೆ ಹಸಿರು ಛಾಯೆ. ಆ ಹಸಿರು ಅಂದರೆ ಆಲಿಕಲ್ಲು ಎಂದು ನಮ್ಮಲ್ಲಿ ಕೂಸಿಗೂ ಗೊತ್ತು.

ಆಲ್ವಿನ್ ಮುಳ್ಳಿನ ಮೇಲೆ ಕೂತಂತಾದ. ಯಂತ್ರದಿಂದ ಇಳಿದ, ಮೋಡ ನೋಡಿದ, ಚರ್ಚಿನ ಗೋಪುರ ನೋಡಿದ, ಮತ್ತೆ ಹತ್ತಿದ. ಒಂದು ಸುತ್ತು ಬಂದು ಮತ್ತೆ ಇಳಿದ. ಟೋಪಿ ತೆಗೆದು ಹಣೆ ಒರೆಸಿ, ಅದನ್ನು ಹಿಂದುಮುಂದಾಗಿ ಹಾಕಿಕೊಂಡ.

ಡಲ್ಸಿ ಸ್ಯಾಂಡ್‌ವಿಚ್ ಬುಟ್ಟಿ ಹಿಡಿದು ಬಂದಳು. "ಮಿಸ್ಟರ್ ನೋಸ್ಕೆ, ನಿಮ್ಮ ಗಂಟೆ ಹೊತ್ತಾಯ್ತು. ನೀವು ಹೊರಡಿ. ಇಷ್ಟು ಮಾಡಿದ್ದೇ ದೊಡ್ಡದು. ಉಳಿದದ್ದು ಹೋದ್ರೆ ಹೋಗ್ಲಿ, ನಾನು ಬೇಜಾರು ಮಾಡ್ಕೊಳ್ಳಲ್ಲ." ಹೇಳುವಾಗ ಆಕೆ ಗೋಧಿಯ ಕಡೆ ನೋಡಲಿಲ್ಲ.

"ಹೋಗು ಆಲ್ವಿನ್," ಅಂದ ಮೆರ್ವ್. "ನೀನು ಗಂಟೆ ಹೊಡಿ, ನಾನು ಕೇಳಿಸಲಿಲ್ಲ ಅಂತೀನಿ. ನಮ್ಮ ಪೋಪರಿಗೆ ನಾನು ಹೇಳ್ಕೋತೀನಿ."

"ಗಂಟೆ ಕೇಳಿದ್ರೆ ಇವನೂ ನಿಲ್ಲಿಸ್ತಾನೆ. ಒಂದೇ ಯಂತ್ರದಲ್ಲಿ ನೀನು ಕ್ರಿಸ್‌ಮಸ್‌ವರೆಗೂ ಕೊಯ್ತಿರ್ತೀಯ."

"ಹಂಗಾದ್ರೆ ಇಲ್ಲೇ ನಿಂತ್ಕೊ."

"ಇಲ್ಲಿ ನಿಂತು ಕೊಯ್ದ್ರೆ ಭಾನುವಾರ ಮುರಿದಂಗೆ."

"ಗಂಟೆ ಹೊಡೀದೆ ಭಾನುವಾರ ಎಲ್ಲಿಂದ ಬಂತಯ್ಯ? ಹಗ್ಗ ನಿನ್ನ ಕೈಲೇ ಐತಲ್ಲ!"

ಆಲ್ವಿನ್‌ಗೆ ಅದು ತಮಾಷೆಯಾಗಿ ಕೇಳಲಿಲ್ಲ. ನನ್ನ ಕಡೆ ತಿರುಗಿದ. "ನಮ್ಮಪ್ಪ ತನ್ನ ಬೆಳೆ ಬಿಟ್ಟು ಹೋದ. ನಂದಾಗಿದ್ರೆ ನಾನೂ ಬಿಡ್ತಿದ್ದೆ ಕಣೋ, ಈಗಿಂದೀಗ್ಲೇ. ನಂದನ್ನ ದೇವರಿಗೆ ಕೊಡೋಕೆ ನನಗೆ ಹಕ್ಕೈತೆ. ಈಕೇದನ್ನ ಕೊಡೋಕೆ ನಾನ್ಯಾವನು?"

ಅಷ್ಟು ಹೇಳಿ ಯಂತ್ರ ಹತ್ತಿದ. ಸೂರ್ಯ ಮೋಡದ ಹಿಂದೆ ಇಳಿದ. ಗಂಟೆ ಹೊಡೆಯಲಿಲ್ಲ. ಮೂರು ಯಂತ್ರವೂ ನಡೆಯುತ್ತಲೇ ಇದ್ದವು.

ಊರಲ್ಲಿ ಆದದ್ದನ್ನು ಆಮೇಲೆ ಹೆಂಗಸರು ಹೇಳಿದರು. ಚರ್ಚಿನ ಪಕ್ಕದ ಮನೆಯಲ್ಲಿ ಆಲ್ವಿನ್‌ನ ಅಕ್ಕ ಓಟಿಲಿ ಒಬ್ಬಳೇ ಇದ್ದಳು, ಮದುವೆಯಾಗದ ಮುದುಕಿ, ಮಾತು ಮರದ ಗಂಟಿನಂತೆ. ಗಂಟೆ ಕೇಳಿದ ಮೇಲೆ ಮೇಜಿಗೆ ಬಿಳಿ ಬಟ್ಟೆ ಹಾಸುವುದು ಅವಳ ವಾಡಿಕೆ. ಬಟ್ಟೆ ಕೈಯಲ್ಲಿ ಹಿಡಿದೇ ನಿಂತಳು. ಹೊರಗೆ ಕತ್ತಲು ಕವಿಯುತ್ತಿದೆ, ಗಂಟೆಯಿಲ್ಲ. ಹುಲ್ಡಾಗೆ ಫೋನ್ ಮಾಡಿದಳು.

"ಎಲ್ಲಿ ಅವನು?"

"ಪಾಸ್ಕೊ ಹೊಲದಲ್ಲಿ, ಅತ್ತಿಗೆ. ನಾನೂ ಅಲ್ಲಿಗೆ ಫೋನ್ ಮಾಡಿದೆ. ಬಡ್ಕೋತಾ ಐತೆ, ಯಾರೂ ಎತ್ತುತಿಲ್ಲ."

ಎತ್ತಬೇಕಾದ ಡಲ್ಸಿ ಹೊಲದಲ್ಲಿ ಬುಟ್ಟಿ ಹಿಡಿದು ನಿಂತಿದ್ದಳಲ್ಲ. ಆದರೆ ಓಟಿಲಿ ಕೂಡಿಸಿದ ಲೆಕ್ಕ ಬೇರೆ: ಅದೇ ಹೊಲದಲ್ಲಿ ಮೂರು ತಿಂಗಳ ಹಿಂದೆ ಒಂದು ಹೆಣ ಎದ್ದಿದೆ. ಈಗ ಮನೆಯಲ್ಲಿ ಫೋನೆತ್ತಲೂ ಯಾರಿಲ್ಲ, ಅಂದರೆ ಎಲ್ಲರೂ ಹೊಲಕ್ಕೆ ಓಡಿದ್ದಾರೆ. ನೋಸ್ಕೆ ಮನೆಯ ಗಂಡಸು ಜೀವ ಇರುವತನಕ ಗಂಟೆ ತಪ್ಪಿಸುವವನಲ್ಲ; ತಪ್ಪಿದೆ. ಆದ್ದರಿಂದ ಜೀವ ಇಲ್ಲ. ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟು, ಅಳದೆ, ಚರ್ಚಿಗೆ ನಡೆದು ಹಗ್ಗ ಹಿಡಿದಳು.

ಮನೆಯಂಗಳದಲ್ಲಿ ನಿಂತಿದ್ದ ಹುಲ್ಡಾಗೆ ಆ ನಿಧಾನದ ಪೆಟ್ಟು ಕೇಳಿತು. ಅತ್ತಿಗೆಗೆ ಸುದ್ದಿ ಬಂದಿರಬೇಕು, ನನಗೆ ಫೋನಲ್ಲಿ ಹೇಳಲಾಗದೆ ಗಂಟೆಯಲ್ಲಿ ಹೇಳುತ್ತಿದ್ದಾಳೆ ಎಂದುಕೊಂಡಳು. ಒಬ್ಬಳ ಭಯ ಇನ್ನೊಬ್ಬಳಿಗೆ ಸುದ್ದಿಯಾಯಿತು. ಅಡುಗೆಯ ಏಪ್ರನ್ ಬಿಚ್ಚದೆ ಕಾರು ಹತ್ತಿದಳು.

ಇತ್ತ ಆಲ್ವಿನ್ ಯಂತ್ರದ ಬಾಯಿಗೆ ಸಿಕ್ಕಿಕೊಂಡ ಹುಲ್ಲನ್ನು ಕೀಳಲು ಎಂಜಿನ್ ನಿಲ್ಲಿಸಿದ್ದ. ಪಡುವಣ ಗಾಳಿ ಸದ್ದನ್ನು ಹೊತ್ತು ತಂದಿತು. ಕೈ ಅಲ್ಲೇ ನಿಂತಿತು. ಕೈ ಬೀಸಿ ನಮ್ಮನ್ನೂ ನಿಲ್ಲಿಸಿದ.

"ಭಾನುವಾರದ್ದಲ್ಲ ಇದು," ಅಂದ. "ಯಾರೋ ಹೋದ್ರು."

ಮೂವರೂ ಟೋಪಿ ತೆಗೆದು ಬೋಳು ಹೊಲದಲ್ಲಿ ನಿಂತೆವು. ಆಲ್ವಿನ್ ತುಟಿಯಲ್ಲೇ ಎಣಿಸುತ್ತಿದ್ದ. ಮೂವತ್ತು ದಾಟಿತು, ನಲವತ್ತು ದಾಟಿತು. ತಲೆಯ ಮೇಲೆ ಗುಡುಗು. ಅವನ ಕಾಲು ಕುಣಿಯುತ್ತಿದ್ದರೂ ಸಾವಿನ ಗಂಟೆಗೆ ಬೆನ್ನು ತಿರುಗಿಸಲಾರ. ಅರವತ್ತೊಂದಕ್ಕೆ ನಿಂತಿತು.

"ಅರವತ್ತೊಂದು," ಅಂದ. "ನಮ್ಮಲ್ಲಿ ಅರವತ್ತೊಂದಾದವರು ಯಾರವ್ರೆ?"

ಮೆರ್ವ್ ನನ್ನ ಮುಖ ನೋಡಿದ, ನಾನು ಮೆರ್ವ್ ಮುಖ ನೋಡಿದೆ.

"ಲೋ ಆಲ್ವಿನ್," ಅಂದ ಮೆರ್ವ್, "ಹೋದ ತಿಂಗಳು ನಿನ್ನ ಹುಟ್ಟುಹಬ್ಬದ ಕೇಕು ತಿಂದ್ವಲ್ಲೋ. ಎಷ್ಟು ಮೇಣದಬತ್ತಿ ಇತ್ತು?"

ಆಲ್ವಿನ್ ಟೋಪಿಯನ್ನು ಎದೆಗೆ ಒತ್ತಿಕೊಂಡಿದ್ದವನು ನಿಧಾನ ಕೆಳಗಿಳಿಸಿದ. "ಓಟಿಲಿ," ಅಂದ. ಆಮೇಲೆ, "ಅಯ್ಯೋ, ಹುಲ್ಡಾಗೂ ಕೇಳಿಸಿರ್ತದೆ."

ಓಡಲು ಹೊರಟ. ಎರಡು ಹೆಜ್ಜೆಗೆ ನಿಂತ. ಗೋಧಿ ನೋಡಿದ. ಮತ್ತೆ ಎರಡು ಹೆಜ್ಜೆ. ಅಷ್ಟರಲ್ಲಿ ಕಾರೊಂದು ಗೇಟನ್ನೂ ಲೆಕ್ಕಿಸದೆ ಕೂಳೆಯ ಮೇಲೆ ಎಗರೆಗರಿ ಬಂದು ನಿಂತಿತು. ಹುಲ್ಡಾ ಇಳಿದಳು. ಗಂಡ ಕಾಲ ಮೇಲೆ ನಿಂತಿರುವುದನ್ನು ನೋಡಿದಳು. ಏಪ್ರನ್ ಬಿಚ್ಚಿ ಅದರಲ್ಲೇ ಅವನ ಹೆಗಲಿಗೆ, ಬೆನ್ನಿಗೆ, ಟೋಪಿಗೆ ಬಡಿದಳು.

"ಜೀವ ಇಟ್ಕೊಂಡು ಇಲ್ಲಿ ನಿಂತಿದೀಯ! ದಾರಿಯುದ್ದ ನಿನ್ನ ಹೆಣಕ್ಕೆ ಹಾಕೋ ಕರಿ ಕೋಟಿಗೆ ಇಸ್ತ್ರಿ ಆಗಿಲ್ಲ ಅಂತ ಅತ್ತೆನಲ್ಲೋ!"

"ಗಂಟೆ ಹೊಡೀಲಿಲ್ಲ ಹುಲ್ಡಾ. ಬೇಕಂತಲೇ ಹೊಡೀಲಿಲ್ಲ."

ಅವಳು ಏದುಸಿರು ಬಿಡುತ್ತ ಸುತ್ತ ನೋಡಿದಳು. ಮೋಡ ನೋಡಿದಳು, ನಿಂತ ಗೋಧಿ ನೋಡಿದಳು, ಬುಟ್ಟಿಯನ್ನು ಎದೆಗವಚಿಕೊಂಡಿದ್ದ ಡಲ್ಸಿಯನ್ನು ನೋಡಿದಳು. ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು.

"ಇನ್ನೆಷ್ಟು ಸುತ್ತು?"

"ಆರೋ ಏಳೋ."

"ಮತ್ತೆ ಯಾಕೆ ಕಂಬದ ಥರ ನಿಂತಿದೀಯ? ಹತ್ತು. ಅತ್ತಿಗೆಗೆ ನಾನು ಹೇಳ್ತೀನಿ."

"ಹತ್ತಯ್ಯ, ಹತ್ತು," ಅಂದ ಮೆರ್ವ್. "ಸತ್ತವನಿಗೆ ಭಾನುವಾರ ಏನು, ಸೋಮವಾರ ಏನು?"

ಕೊನೆಯ ಸಾಲು ಮುಗಿದು ಲಾರಿಗೆ ತಾಡಪಾಲು ಎಳೆಯುವಾಗ ಮೊದಲ ಆಲಿಕಲ್ಲು ಬಾನೆಟ್ಟಿಗೆ ಬಡಿಯಿತು. ಡಲ್ಸಿ ತಾಡಪಾಲಿನ ಹಗ್ಗ ಹಿಡಿದುಕೊಂಡೇ ಮಳೆಯಲ್ಲಿ ಅಳುತ್ತಿದ್ದಳು. ಆಲ್ವಿನ್ ನಿಂತು ನೋಡಲಿಲ್ಲ. ಆ ಸಂಜೆ ಅವನ ಸ್ವಂತ ಹೊಲದಲ್ಲಿ ಉಳಿದಿದ್ದ ಗೋಧಿ ಮಲಗಿತು.

ಮರುದಿನ ಆರಾಧನೆ ಮುಗಿದ ಮೇಲೆ ಎದ್ದು ನಿಂತು, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ, ಗೋಪುರದ ಬೀಗದ ಕೈಯನ್ನು ವೇದಿಕೆಯ ಮೇಲಿಟ್ಟ. "ಹಗ್ಗ ಬೇರೆಯವರು ಹಿಡೀಲಿ. ತಪ್ಪು ಮಾಡಿದೆ ಅಂತ ಹೇಳೋಕೆ ಬಾಯಿ ಬರ್ತಿಲ್ಲ. ಸರಿ ಮಾಡಿದೆ ಅಂತ ಹೇಳೋಕೂ ಬರ್ತಿಲ್ಲ."

ಓಟಿಲಿ ಕೂತಲ್ಲಿಂದಲೇ ಅಂದಳು: "ನಾನು ನಿನಗೆ ಅರವತ್ತೊಂದೂ ಪೂರ್ತಿ ಹೊಡೆದಿದೀನಿ. ಕೈಲಿ ಬೊಬ್ಬೆ ಬಂದೈತೆ. ಸತ್ತವನು ರಾಜೀನಾಮೆ ಕೊಡೋ ಪದ್ಧತಿ ನಮ್ಮಲ್ಲಿ ಇಲ್ಲ."

ಆದರೂ ಬೀಗದ ಕೈ ಆ ವಾರವೆಲ್ಲ ಅಲ್ಲೇ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ, ಅವನೂ ಮುಟ್ಟಲಿಲ್ಲ. ಮುಂದಿನ ಶನಿವಾರ ಹೊತ್ತು ಮುಳುಗುವಾಗ ಊರೆಲ್ಲ ಬಾಗಿಲಲ್ಲಿ ನಿಂತು ಕಾಯುತ್ತಿತ್ತು. ಆಲ್ವಿನ್ ತನ್ನ ಅಂಗಳದಲ್ಲಿ ಗೇಟಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೇಟಿಗೆ ತಿರುಗುತ್ತಿದ್ದನಂತೆ. ಕೊನೆಗೆ ಹುಲ್ಡಾ ಕಾರಿನ ಬಾಗಿಲು ತೆರೆದು, "ಹೋಗಿ ಬಾ, ನನ್ನ ಅಂಗಳ ಸವೀತೈತೆ," ಅಂದಳು. ಗಂಟೆ ಹೊಡೆಯಿತು. ಸ್ವಲ್ಪ ತಡವಾಗಿತ್ತು, ಅಷ್ಟೆ.

ಡಲ್ಸಿ ಆ ನೆಲದಲ್ಲೇ ಉಳಿದಳು. ಅವಳ ಮಕ್ಕಳು ಈಗಲೂ ಅಲ್ಲೇ ಗೋಧಿ ಬಿತ್ತುತ್ತಾರೆ.

ಅದಾಗಿ ಬಹಳ ವರ್ಷಕ್ಕೆ, ಒಂದು ಮಂಗಳವಾರ ಬೆಳಿಗ್ಗೆ, ಅದೇ ನಿಧಾನದ ಪೆಟ್ಟು ಬಿತ್ತು. ಹಗ್ಗ ಹಿಡಿದಿದ್ದವಳು ಮಗಳು ರೂತ್. ನಾನು ಬೇಲಿ ಕಟ್ಟುತ್ತಿದ್ದೆ. ಪೆಟ್ಟು ಅರವತ್ತೊಂದು ದಾಟಿ ಮುಂದಕ್ಕೆ ಹೋಯಿತು, ಎಪ್ಪತ್ತನ್ನೂ ದಾಟಿತು. ಯಾರ ವಯಸ್ಸೆಂದು ನನಗೆ ತಿಳಿಯಿತು. ಆದರೂ ಟೋಪಿ ತೆಗೆಯಲಿಲ್ಲ; ಈ ಗಂಟೆ ಒಮ್ಮೆ ಸುಳ್ಳು ಹೇಳಿತ್ತಲ್ಲ. ಗಂಟೆ ನಿಂತ ಮೇಲೆ ಮೆರ್ವ್‌ನ ಫೋನ್ ಬಂತು.

"ಕೇಳಿಸ್ತಾ?"

"ಕೇಳಿಸ್ತು."

"ಯಾರ ಹೊಲದಲ್ಲಿದಾನೆ ಅಂತ ನೋಡ್ಕೊಂಡು ಬರೋಣ ನಡಿ."

ಇಬ್ಬರೂ ಕಾರಿನಲ್ಲಿ ಪಾಸ್ಕೊ ಹೊಲದವರೆಗೂ ಹೋದೆವು. ಬೇಲಿಕಂಬಗಳ ಮೇಲೆಲ್ಲ ಲೋಟ ಹುಡುಕಿಕೊಂಡು ಹೋದೆವು. ಅಲ್ಲಿಂದ ತಿರುಗಿ ಬಂದು, ಹುಲ್ಡಾ ಮನೆಯ ಮುಂದೆ ಕಾರು ನಿಲ್ಲಿಸಿ, ಆಮೇಲೆ ಟೋಪಿ ತೆಗೆದೆವು.