ಖಾಲಿ ಕ್ರೇಟು

ಉದ್ಯಮಬಾಗದ ನಮ್ಮ ಕಾರ್ಖಾನೆಯಿಂದ ಪಂಪು ಜೋಡಿಸಿ ಅಲ್ಲಿಂದಲೇ ಅಂಗಡಿಗಳಿಗೆ ಕಳಿಸುವ ಖಾನಾಪುರದ ವರ್ಕ್‌ಶಾಪಿಗೆ ಬಿಡಿಭಾಗಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಹೋಗುತ್ತಿದ್ದವು. ಒಮ್ಮೆ ಬಳಸಿ ಬಿಸಾಡುವ ಈ ಪದ್ಧತಿ ನಿಲ್ಲಬೇಕೆಂದು ಜಗಳವಾಡಿ, ಹೋಗಿ ತಿರುಗಿ ಬರುವ ಪ್ಲಾಸ್ಟಿಕ್ ಕ್ರೇಟುಗಳನ್ನು ತರಿಸಿದವನು ನಾನು. ಕ್ರೇಟುಗಳು ಹೋದವು, ಒಂದೂ ತಿರುಗಿ ಬರಲಿಲ್ಲ. ಈ ತಿಂಗಳೂ ಬರದಿದ್ದರೆ ಮತ್ತೆ ರಟ್ಟೇ ಗತಿ ಎಂದು ಮಾಲೀಕರು ಹೇಳಿದ ಮೇಲೆ ನಾನೇ ಖಾನಾಪುರಕ್ಕೆ ಹೋದೆ.

ವರ್ಕ್‌ಶಾಪ್ ನಡೆಸುವ ಶಾಂತಕ್ಕ ಕ್ರೇಟುಗಳನ್ನೆಲ್ಲ ತೊಳೆದು ಒರೆಸಿ ಗೋಡೆಯ ಬಾಜು ಒಟ್ಟಿದ್ದರು.

“ಹೊಳ್ಳಿ ಯಾಕ ಕಳಸಲಿಲ್ರಿ?” ಎಂದೆ.

“ಖಾಲಿ ಹೆಂಗ ಕಳಸೂದ್ರಿ ಸಾಹೇಬ್ರ? ಮಂದಿ ಮನಿ ಡಬ್ಬಿ ಯಾರರೆ ಖಾಲಿ ಕೊಡ್ತಾರೇನು? ಏನರೆ ಹಾಕಿ ಕೊಡೂಣು ಅಂತ ಇಟ್ಟೀನಿ.”

“ಇದು ಕಾರ್ಖಾನಿ ಅಕ್ಕಾರ, ಬೀಗರ ಮನಿ ಅಲ್ಲ. ನಾಳೆ ಖಾಲೀನ ಕಳಸ್ರಿ.”

“ಆತು ಬಿಡ್ರಿ. ಸಿಟ್ಟಾಗಬ್ಯಾಡ್ರಿ, ಚಹಾ ಕುಡೀರಿ.”

ಮರುದಿನ ಟೆಂಪೊ ಬಂತು. ಪ್ರತಿ ಕ್ರೇಟಿನಲ್ಲೂ ಒಂದೊಂದು ಹಿಡಿ ಅಕ್ಕಿ. ಚಲನ್‌ನಲ್ಲಿ ಖಾಲಿ ಎಂದಿದ್ದು ಒಳಗೆ ಸರಕಿದ್ದರೆ ಗಾಡಿಯನ್ನು ಬಿಡಕೂಡದೆಂಬುದು ನಮ್ಮ ನಿಯಮ. ಗೇಟಿನ ಕಾವಲುಗಾರ ನನ್ನನ್ನು ಕೇಳದೆಯೇ ಅದನ್ನು ವಾಪಸು ಕಳಿಸಿದ. ನಿಯಮದ ಪ್ರಕಾರ ಅವನು ಮಾಡಿದ್ದು ಸರಿ, ಬೈಯುವಂತಿಲ್ಲ.

ಸಂಜೆ ಶಾಂತಕ್ಕನ ಫೋನು ಬಂತು. “ಕೊಟ್ಟ ಅಕ್ಕಿ ಬಾಗಲಾಗಿಂದ ಹೊಳ್ಳಿ ಕಳಸಿದ್ರಿ. ಇಂಥಾ ಅವಮಾನ ಯಾರೂ ಮಾಡಿದ್ದಿಲ್ರಿ. ಇನ್ನ ನಿಮ್ಮ ಡಬ್ಬಿ ನಾ ಮುಟ್ಟಂಗಿಲ್ಲ. ರಟ್ಟಿನಾಗ ಕಳಸಿದ್ರ ಕೆಲಸ ಮಾಡ್ತೀನಿ, ಇಲ್ಲಂದ್ರ ಬ್ಯಾಡ.”

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಯೋಜನೆ ಅಲ್ಲಿಗೆ ಮುಗಿಯಿತು. ನಿನ್ನೆ ಹೊಸ ರಟ್ಟಿನ ಪೆಟ್ಟಿಗೆಗಳು ಬಂದಿಳಿದವು. ಪ್ರತಿಯೊಂದರ ಮೇಲೂ ಮರುಬಳಕೆಯ ಮೂರು ಬಾಣಗಳನ್ನು ಹಸಿರು ಬಣ್ಣದಲ್ಲಿ ಬಲು ಚೆನ್ನಾಗಿ ಅಚ್ಚು ಹಾಕಿದ್ದಾರೆ.