ವಜೀರ ಕೊಟ್ಟವಳ ಬ್ಲಾಕ್ ಪಟ್ಟಿ

ಮೊಬೈಲಿನಲ್ಲಿ ಚೆಸ್ ಆಡಿ ಸೋತ ಕೂಡಲೇ ಎದುರಾಳಿಯನ್ನು ಬ್ಲಾಕ್ ಮಾಡುವ ಅಭ್ಯಾಸ ನನಗಿದೆ. ಇದನ್ನು ಯಾರೂ ತಪ್ಪೊಪ್ಪಿಗೆ ಎಂದು ತಿಳಿಯಬೇಕಾಗಿಲ್ಲ. ನಿಪ್ಪಾಣಿಯಲ್ಲಿ ಬಸ್ ಹತ್ತಿದರೆ ಚಿಕ್ಕೋಡಿಯ ಆಫೀಸು ಸೇರುವುದರೊಳಗೆ ನನ್ನ ಎರಡು ಆಟ ಮುಗಿಯುತ್ತವೆ. ಗೆದ್ದರೆ ಮೊಬೈಲನ್ನು ಚೀಲಕ್ಕೆ ಹಾಕಿ ಕಿಟಕಿಯಾಚೆಯ ಕಬ್ಬು ನೋಡುತ್ತೇನೆ. ಸೋತರೆ ಎದುರಾಳಿಯ ಹೆಸರಿನ ಮೇಲೆ ಬೆರಳಿಟ್ಟು ಬ್ಲಾಕ್ ಒತ್ತಿ, ಆಮೇಲೆ ಕಬ್ಬು ನೋಡುತ್ತೇನೆ. ಅವನು ಬ್ರೆಜಿಲಿನವನಿರಲಿ, ಬಳ್ಳಾರಿಯವನಿರಲಿ, ನಾನು ಭೇದ ಮಾಡುವುದಿಲ್ಲ.

ನನ್ನ ಗಂಡ ಇದನ್ನು ಮೊದಲ ಸಲ ಕಂಡಾಗ ಚಹಾದ ಕಪ್ ಕೆಳಗಿಟ್ಟು ಕೇಳಿದ: "ಅಂವೇನ ತಪ್ಪ ಮಾಡ್ಯಾನ? ಚಲೋ ಆಡ್ಯಾನ, ಗೆದ್ದಾನ."

"ಗೆದ್ದದ್ದಕ್ಕ ಸಿಟ್ಟಿಲ್ಲ. ಗೆದ್ದ ಮ್ಯಾಲ ಮಾತಾಡ್ತಾರಲ್ಲ, ಅದಕ್ಕ."

"ಇಂವ ಎಲ್ಲಿ ಮಾತಾಡಿದಾ?"

"ಮಾತಾಡೂದ್ರೊಳಗ ಬಾಗಲಾ ಹಾಕೀನಿ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ನನ್ನ ತವರು ಬೋರಗಾಂವದ ಮನೆಗೆ, ನಾನು ಏಳನೇ ಇಯತ್ತೆಯಲ್ಲಿ ಓದುತ್ತಿದ್ದ ವರ್ಷಕ್ಕೆ ಹೋಗಬೇಕು.

ನಮ್ಮದು ಕೂಡು ಕುಟುಂಬ. ಮನೆಯ ಹಿಂದೆಯೇ ಕಾಕಾನ, ಅಂದರೆ ಅಪ್ಪನ ತಮ್ಮನ, ಪವರ್‌ಲೂಮ್ ಶೆಡ್ಡು. ಮಗ್ಗಗಳು ನಡೆಯುವಾಗ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಕರೆಂಟ್ ಹೋದರೆ ಮಾತ್ರ ಇಡೀ ಓಣಿಗೆ ಕಿವಿ ಬರುತ್ತಿತ್ತು. ಆಗ ಕಾಕಾ ಅರಿವೆಯ ನೂಲು ಕೊಡವಿಕೊಂಡು ಕಟ್ಟೆಗೆ ಬಂದು ಮಣೆ ಹಾಸುತ್ತಿದ್ದರು. ನಮ್ಮ ಕಡೆ ಚೆಸ್ಸಿಗೆ ಬುದ್ಧಿಬಳ ಎನ್ನುತ್ತಾರೆ. ರಾಣಿ ಇಲ್ಲ, ಇರುವುದು ವಜೀರ. ಪ್ಯಾದೆ, ಅಂದರೆ ಕಾಲಾಳು, ಯಾವಾಗಲೂ ಒಂದೇ ಮನೆ ನಡೆಯಬೇಕು. ರಾಜ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದು. ಕರೆಂಟ್ ಬಂದರೆ ಆಟ ಎಲ್ಲಿರುತ್ತದೋ ಅಲ್ಲಿಗೇ ಮುಗಿಯಿತು, ಎಲ್ಲರೂ ಮಗ್ಗಕ್ಕೆ ಓಡುತ್ತಿದ್ದರು.

ನನಗೆ ಯಾರೂ ಕಲಿಸಲಿಲ್ಲ. ಕಟ್ಟೆಯ ತುದಿಗೆ ಕೂತು ಅಕ್ಕಿ ಆರಿಸುತ್ತ ನೋಡಿ ಕಲಿತೆ. ಆಮೇಲೆ ಆಡಿದೆ, ಆಡಿದಷ್ಟೂ ಗೆದ್ದೆ. ಶಾಲೆಯ ಪಿ.ಟಿ. ಮಾಸ್ತರರು ತಾಲೂಕು ಪಂದ್ಯಕ್ಕೆ ನನ್ನನ್ನು ಚಿಕ್ಕೋಡಿಗೆ ಕರೆದೊಯ್ಯುವುದಾಗಿ ಅಪ್ಪನಿಗೆ ಹೇಳಿ ಕಳಿಸಿದ್ದರು. ನಾನು ಆ ವಾರವೆಲ್ಲ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಕಾಕಾ ನನ್ನೊಂದಿಗೆ ಆಡಲು ಕೂತರು. ಮಗ್ಗದ ಮಂದಿ, ಓಣಿಯ ಮಂದಿ ಸುತ್ತ ನಿಂತಿದ್ದರು. ನಾನು ಒಂದು ಆನೆ ಮುಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಕಾಕಾನ ಹೆಂಡತಿ ಕಾಕು, "ಬ್ಯಾಳಿ ಉಕ್ಕಾಕತ್ತೈತಿ, ನೋಡಬಾ," ಎಂದು ಕೂಗಿದರು. ಎದ್ದು ಹೋಗುವ ಅವಸರದಲ್ಲಿ ವಜೀರನನ್ನು ಕಾಕಾನ ಒಂಟೆಯ ಓರೆ ದಾರಿಯಲ್ಲಿ ಇಟ್ಟೆ.

ಕಾಕಾ ಅದನ್ನು ಹೊಡೆದು ಸುಮ್ಮನಾಗಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಅವರು ವಜೀರನನ್ನು ಎತ್ತಿ ಹಿಡಿದುಕೊಂಡು ಎದ್ದು ನಿಂತರು. "ಬರ್ರೋ, ನೋಡಬರ್ರಿ. ಬ್ಯಾಳಿ ಸಲುವಾಗಿ ವಜೀರನ ಕೊಟ್ಟಾಳ ನಮ್ಮ ಪೋರಿ. ಇಕಿ ಚಿಕ್ಕೋಡಿಗೆ ಹೊಂಟಾಳಂತ."

ಆ ಕತೆ ಬಸದಿಯ ಮುಂದೆ ಹೋಯಿತು, ಸಂತೆಗೆ ಹೋಯಿತು, ಅಪ್ಪನ ಕಿವಿಗೂ ಬಂತು. ಅಪ್ಪ ಬೈಯುವವರಲ್ಲ. ಚಪ್ಪಲಿ ಬಿಡುತ್ತ, "ಜನಾ ನಗಾಕತ್ತಾರ. ಚಿಕ್ಕೋಡಿ ಪಿಕ್ಕೋಡಿ ಏನ ಬ್ಯಾಡ," ಅಂದರು, ಅಷ್ಟೇ. ನನ್ನ ಬದಲು ನಮ್ಮ ತರಗತಿಯ ಒಬ್ಬ ಹುಡುಗ ಹೋದ. ಮೊದಲ ಸುತ್ತಿಗೇ ಸೋತು ಬಂದ. ಅವನ ಬಗ್ಗೆ ಯಾರೂ ಕತೆ ಕಟ್ಟಲಿಲ್ಲ.

ನನ್ನ ಕತೆ ಮಾತ್ರ ನನ್ನ ಜೊತೆಗೇ ಬೆಳೆಯಿತು. ಹತ್ತನೇ ಇಯತ್ತೆಯ ಫಲಿತಾಂಶ ಬಂದ ದಿನ ಕಾಕಾ ಅದನ್ನು ಹೇಳಿದರು. ನನ್ನನ್ನು ನೋಡಲು ನಿಪ್ಪಾಣಿಯಿಂದ ಬಂದವರ ಮುಂದೆ, ಅವಲಕ್ಕಿಯ ತಾಟು ಹಿಡಿದು ನಿಂತ ನನ್ನೆದುರೇ ಹೇಳಿದರು. ಬಂದವರು ಹೊಟ್ಟೆ ಹಿಡಿದು ನಕ್ಕರು. ಮದುವೆಯ ಪಂಕ್ತಿಯಲ್ಲೂ ಬಡಿಸುವವರನ್ನು ನಿಲ್ಲಿಸಿ ಹೇಳಿದರು. ಬೀಗರ ಮನೆಯ ಮಕ್ಕಳು ನನ್ನನ್ನು ವಜೀರ ಕಾಕು ಎಂದೇ ಕರೆಯತೊಡಗಿದವು. ನಾನು ಪ್ರತಿ ಸಲವೂ ನಕ್ಕೆ. ಆ ನಗುವಿನ ಬಗ್ಗೆಯೇ ನನಗೆ ಈಗಲೂ ನಾಚಿಕೆ.

ಮೊಬೈಲಿನಲ್ಲಿ ಚೆಸ್ ಸಿಕ್ಕಾಗ ನನಗೆ ಒಂದು ಸುಖ ಕಂಡಿತು. ಇಲ್ಲಿ ಯಾರೂ ಬೇಳೆ ನೋಡು ಅನ್ನುವುದಿಲ್ಲ. ಪ್ಯಾದೆ ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದೆಂದು ತಿಳಿದು ಖುಷಿಯಿಂದ ಹಾರಿಸಿದೆ. ಎದುರಿನವನ ಪ್ಯಾದೆ ಓರೆಯಾಗಿ ಬಂದು, ನನ್ನ ಪ್ಯಾದೆ ನಿಂತ ಮನೆಯನ್ನು ಮುಟ್ಟದೆಯೇ ಅದನ್ನು ಮಾಯ ಮಾಡಿತು. ಹಾಡಹಗಲೇ ಮೋಸ ಎಂದು ದೂರು ಬರೆದೆ, ಆಟ ಸೋತೆ, ಬ್ಲಾಕ್ ಮಾಡಿದೆ. ನನ್ನ ಪಟ್ಟಿಯಲ್ಲಿ ಅವನೇ ಮೊದಲಿಗ. ಅದೂ ನಿಯಮವೇ ಎಂದು ಒಂದು ವಾರದ ನಂತರ ಗೊತ್ತಾಯಿತು. ಆದರೂ ಬ್ಲಾಕ್ ತೆಗೆಯಲಿಲ್ಲ, ಯಾಕೆಂದರೆ ಬ್ಲಾಕ್ ಮಾಡಿದಾಗ ಎದೆಯಲ್ಲಿ ಏನೋ ತಣ್ಣಗಾಗಿತ್ತು. ನನ್ನ ಸೋಲು ನನ್ನಲ್ಲೇ ಉಳಿದಿತ್ತು.

ಊರಿಗೆಲ್ಲ ನೆಟ್ ಅಗ್ಗವಾದ ಕಾಲಕ್ಕೆ ಕಾಕಾನೂ ದೊಡ್ಡ ಮೊಬೈಲ್ ತಗೊಂಡರು. ಶೆಡ್ಡಿನಲ್ಲಿ ಕೂತು ಆಡುವುದನ್ನು ಕಲಿತರು. ನನ್ನನ್ನು ಹುಡುಕಿ ಆಟಕ್ಕೆ ಕರೆದರು. ಬಸ್ಸಿನಲ್ಲಿದ್ದೆ, ಒಪ್ಪಿಕೊಂಡೆ. ಅವರು ಇನ್ನೂ ಪ್ಯಾದೆಗಳನ್ನು ಒಂದೊಂದೇ ಮನೆ ನಡೆಸುತ್ತಿದ್ದರು. ಹಾಗೆ ನಡೆಸಿಯೇ ನನ್ನನ್ನು ಸೋಲಿಸಿದರು. ನಾನು ಎಲ್ಲರಿಗೆ ಮಾಡಿದ್ದನ್ನೇ ಅವರಿಗೂ ಮಾಡಿದೆ.

ಎರಡು ದಿನಕ್ಕೆ ಅವ್ವನ ಫೋನ್ ಬಂತು. "ಸ್ವಂತ ಕಾಕಾನ್ನ ಬ್ಲಾಕ್ ಮಾಡೀಯಂತ? ಓಣಿಗೆಲ್ಲಾ ಗೊತ್ತಾಗೇತಿ. ಹಿರ್ಯಾರಿಗೆ ಹಂಗ ಮಾಡ್ತಾರ? ಕ್ಷಮಾವಾಣಿಗೆ ಬರ್ತೀಯಲ್ಲ, ಎಲ್ಲಾರ ಮುಂದ ತಗದ ಬಿಡ."

ನಾವು ಜೈನರು. ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ಆ ದಿನ ಚಿಕ್ಕವರು ದೊಡ್ಡವರಿಗೆ, ದೊಡ್ಡವರು ಚಿಕ್ಕವರಿಗೆ ಕೈಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತೇವೆ. ಕೇಳಿಸಿಕೊಂಡವರು "ಉತ್ತಮ ಕ್ಷಮಾ" ಅನ್ನುತ್ತಾರೆ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಸೀನಿದ ಹಾಗೆ ಬಾಯಿಂದ ಬಂದು ಹೋಗುತ್ತದೆ, ನನ್ನ ಬಾಯಿಂದಲೂ ಅಷ್ಟು ವರ್ಷ ಹಾಗೆಯೇ ಬಂದಿತ್ತು.

ಆ ದಿನ ಬೋರಗಾಂವದ ಪಡಸಾಲೆ ತುಂಬಿತ್ತು. ಮಗ್ಗಗಳು ನಿಂತಿದ್ದವು, ಹಾಗಾಗಿ ಎಲ್ಲರಿಗೂ ಎಲ್ಲವೂ ಕೇಳುತ್ತಿತ್ತು. ಕಾಕಾ ಖುರ್ಚಿಯಲ್ಲಿ ಕೂತಿದ್ದರು. ನಾನು ಕೈಮುಗಿದೆ.

"ಕಾಕಾ, ಗೊತ್ತಿದ್ದ, ಗೊತ್ತಿಲ್ದ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ."

"ಉತ್ತಮ ಕ್ಷಮಾ. ಈಗ ಮೊಬೈಲ್ ತಗಿ. ಎಲ್ಲಾರ ಮುಂದ ಬ್ಲಾಕ್ ತಗಿ."

"ಕ್ಷಮಾ ಕೇಳೀನ್ರಿ. ಬ್ಲಾಕ್ ತಗೀತೀನಿ ಅಂದಿಲ್ಲ."

ಅವ್ವ ನನ್ನ ಸೆರಗು ಜಗ್ಗಿದಳು. ಕಾಕಾ ಸುತ್ತಲಿನವರನ್ನು ನೋಡಿ ನಕ್ಕರು. ಇನ್ನೊಂದು ಕತೆ ಸಿಕ್ಕಿತೆಂಬ ನಗು ಅದು, ನನಗೆ ಅದರ ಗುರುತು ಚೆನ್ನಾಗಿದೆ. ನಗುತ್ತಲೇ ಕೈಮುಗಿದರು. "ಆತವಾ, ನಾನೂ ಕೇಳ್ತೀನಿ. ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ."

ಈಗ ನಾನು ಉತ್ತಮ ಕ್ಷಮಾ ಅನ್ನಬೇಕು. ಅನ್ನಲಿಲ್ಲ.

"ಯಾತಕ್ಕ ಕೇಳಾಕತ್ತೀರಿ, ಕಾಕಾ?"

ಹಾಗೆ ಕೇಳುವುದು ನಮ್ಮಲ್ಲಿ ಇಲ್ಲವೇ ಇಲ್ಲ.

"ಯಾತಕ್ಕ ಅಂದ್ರ?" ಅಂದರು ಕಾಕಾ.

"ನಾ ಒಮ್ಮೆ ಸೋತೀನ್ರಿ. ನೀವು ಅದನ್ನ ಹದಿನೈದ ವರ್ಷ ಗೆದ್ದಕೋತ ಬಂದೀರಿ. ಆ ಕತೀ ಸಲುವಾಗಿ ಅಪ್ಪಾ ನನ್ನ ಚಿಕ್ಕೋಡಿಗೆ ಕಳಸಲಿಲ್ಲ."

ಕಾಕಾ ಅಪ್ಪನನ್ನು ನೋಡಿದರು. ಅಪ್ಪ ನೆಲ ನೋಡುತ್ತಿದ್ದರು.

"ಅದು ನನಗ ಗೊತ್ತಿದ್ದಿಲ್ಲ," ಅಂದರು ಕಾಕಾ.

"ಗೊತ್ತಿಲ್ದ ಮಾಡಿದ್ದಕ್ಕೂ ಕೇಳ್ತೀವಲ್ರಿ ಇವತ್ತ."

ಕಾಕಾ ಖುರ್ಚಿಯ ಕೈ ಹಿಡಿದು ಮುಂದೆ ಬಾಗಿದರು. ಸಿಟ್ಟಿಗೆದ್ದು ಹೊರಗೆ ಹೋಗುತ್ತಾರೆ ಅಂದುಕೊಂಡೆ. ಹೋದರೆ ಹೋಗಲಿ ಎಂದೂ ಅಂದುಕೊಂಡೆ. ಆದರೆ ಅವರು ಖುರ್ಚಿ ಬಿಟ್ಟು ಎದ್ದು ನಿಂತು ಮತ್ತೆ ಕೈ ಜೋಡಿಸಿದರು. ಈ ಸಲ ನಗಲಿಲ್ಲ.

"ವಜೀರನ ಕತೀಗೆ ಕ್ಷಮಾ ಮಾಡ, ಮಗಾ."

"ಉತ್ತಮ ಕ್ಷಮಾ," ಅಂದೆ. ಅಳು ಬಂತು, ಅತ್ತೆ. ಮೊಬೈಲನ್ನು ಮಾತ್ರ ಚೀಲದಿಂದ ತೆಗೆಯಲಿಲ್ಲ.

ಬ್ಲಾಕ್ ತೆಗೆದದ್ದು ಮರುವಾರ, ಬಸ್ಸಿನಲ್ಲಿ, ಯಾರೂ ನೋಡದಿರುವಾಗ. ಬ್ಲಾಕ್ ಹೋದ ದಿನವೇ ಕಾಕಾನಿಂದ ಆಟದ ಕರೆ ಬಂತು. ಒಂದೊಂದೇ ಮನೆ ನಡೆಯುವ ಅದೇ ಪ್ಯಾದೆಗಳು. ನಾನು ಚೆನ್ನಾಗಿ ಆಡುತ್ತಿದ್ದೆ, ನಡುವೆ ಕಂಡಕ್ಟರು ಪಾಸ್ ಕೇಳಿದ, ಅವಸರದಲ್ಲಿ ವಜೀರನನ್ನು ನಡೆಸಿ ಪಾಸ್ ತೋರಿಸಿ ತಿರುಗುವಷ್ಟರಲ್ಲಿ ಅದು ಒಂಟೆಯ ಬಾಯಲ್ಲಿತ್ತು. ಮತ್ತೆ ಸೋತೆ, ಮತ್ತೆ ಅದೇ ವಜೀರ. ಹೆಬ್ಬೆರಳು ತಾನಾಗಿ ಅವರ ಹೆಸರಿನ ಮೇಲೆ ಹೋಯಿತು. ಒತ್ತದೆ, ಈ ಸೋಲನ್ನೂ ಕಾಕಾ ಕತೆ ಮಾಡುತ್ತಾರೋ ಎಂದು ಕಾದೆ. ಮನೆಮಂದಿಯ ವಾಟ್ಸಾಪ್ ಗುಂಪು ತೆರೆದು ನೋಡಿದೆ. ಯಾರದೋ ಹುಟ್ಟುಹಬ್ಬದ ಕೇಕ್ ಇತ್ತು, ಕಾಕು ಕಳಿಸಿದ ಶುಭೋದಯ ಇತ್ತು. ಚಿಕ್ಕೋಡಿ ಬರುವವರೆಗೂ ಕಾದೆ, ಆ ವಾರವೆಲ್ಲ ಕಾದೆ, ಕತೆ ಬರಲಿಲ್ಲ.

ಮುಂದೆ ಅಥಣಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಯಾರೋ ನನ್ನನ್ನು ತೋರಿಸಿ ಕಾಕಾನಿಗೆ, "ಆ ವಜೀರಂದ ಹೇಳ್ರಲಾ," ಅಂದರು. ಕಾಕಾ ಹೋಳಿಗೆ ಮುರಿಯುತ್ತ, "ಯಾವ ವಜೀರ? ಉಣ್ಣ ಸುಮ್ನ," ಅಂದರು. ನಾನು ಎದುರಿನ ಸಾಲಿನಲ್ಲಿ ಕೂತು ಕೇಳಿದೆ. ಆ ಊಟ ನನಗೆ ಇನ್ನೂ ನೆನಪಿದೆ.

ನನ್ನ ಪಟ್ಟಿಯಲ್ಲಿ ಈಗ ಒಂದು ಹೆಸರು ಕಡಿಮೆ. ಉಳಿದವರನ್ನೂ ಬಿಟ್ಟುಬಿಡು, ಅವರು ನಿನಗೇನು ಮಾಡಿದ್ದಾರೆ ಎಂದು ಗಂಡ ಆಗಾಗ ಹೇಳುತ್ತಾನೆ. ಏನೂ ಮಾಡಿಲ್ಲ, ನಿಜ. ಮಾಡಲು ನಾನು ಬಿಟ್ಟಿಲ್ಲ.